ಚಿರೋಟಿಗೆ ಯಾಕೆ ಪ್ರಶಸ್ತಿ ಬಂತು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಯಾರೋ ಸಿನಿಮಾ ಪ್ರಶಸ್ತಿಗಳ ಬಗ್ಗೆ ಕೇಳಿದ್ದರು. ಅವರಿಗೆ ನಾನು ಒಂದೇ ಸಾಲಿನ ಉತ್ತರ ಕೊಟ್ಟಿದ್ದೆ: "ಯಾರಿಗೆ ಬಂತು ಅಂತ ಕೇಳಬೇಡಿ, ಓಟು ಹೇಗೆ ಎಣಿಸಿದರು ಅಂತ ಕೇಳಿ." ಆ ಸಾಲಿಗೆ ಇಷ್ಟು ಪತ್ರ ಬರುತ್ತದೆ ಅಂದುಕೊಂಡಿರಲಿಲ್ಲ. ಕೆಲವರು ಬೈದಿದ್ದಾರೆ, ಒಬ್ಬರು ನಾಲ್ಕು ಪುಟ ಬರೆದು ಕೊನೆಗೆ "ಪ್ರಕಟಿಸಬೇಡಿ" ಅಂದಿದ್ದಾರೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಸಿನಿಮಾ ವಿಮರ್ಶಕರ ಸಂಘಗಳಿಗೆ, ಅವರು ವರ್ಷಕ್ಕೊಮ್ಮೆ ಕೊಡುವ ಪ್ರಶಸ್ತಿಗಳಿಗೆ. ಅಡುಗೆ, ರಾಜಕೀಯ, ಬೆನ್ನುನೋವಿನ ಪ್ರಶ್ನೆ ಕಳಿಸಿದವರು ಮುಂದಿನ ಸಲದವರೆಗೆ ತಾಳಿಕೊಳ್ಳಿ.

ಪ್ರಶ್ನೆ: ಸಾರ್, 2022ರಲ್ಲಿ 'ಆರ್‌ಆರ್‌ಆರ್' ಸಿನಿಮಾಕ್ಕಾಗಿ ರಾಜಮೌಳಿಯವರಿಗೆ ಇಲ್ಲಿನ ನ್ಯೂಯಾರ್ಕ್ ವಿಮರ್ಶಕರ ಸಂಘ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಕೊಟ್ಟಿತು. ಖುಷಿಯಿಂದ ಆಫೀಸಿನಲ್ಲಿ ಎಲ್ಲರಿಗೂ ಹೇಳಿದೆ. ಅಮೆರಿಕದವರಿಗೇ ಆ ಸಂಘ ಗೊತ್ತಿಲ್ಲ! ಅದು ನಿಜವಾಗಿ ದೊಡ್ಡದಾ, ಸುಮ್ನೆ ಊರಿನ ಸಂಘನಾ?
(ನ್ಯೂಜೆರ್ಸಿಯಿಂದ ಒಬ್ಬ ಕನ್ನಡತಿ)

ಊರಿನ ಸಂಘವೇ ಮೇಡಂ. ಆದರೆ ಊರು ನ್ಯೂಯಾರ್ಕ್, ಅದೇ ವ್ಯತ್ಯಾಸ. 1935ರಲ್ಲಿ ಆ ನಗರದ ಪತ್ರಿಕೆಗಳಲ್ಲಿ ವಿಮರ್ಶೆ ಬರೆಯುತ್ತಿದ್ದವರು ಕೂಡಿ ಶುರು ಮಾಡಿದ್ದು. ಆಸ್ಕರ್ ಕೊಡುವುದು ಸಿನಿಮಾ ಮಾಡುವವರು. ಮದುವೆ ಮನೆಯವರೇ ಅಡುಗೆಗೆ ಅಂಕ ಕೊಟ್ಟ ಹಾಗೆ. ಇವರು ಊಟಕ್ಕೆ ಬಂದವರು, ಅದೂ ದಿನಾ ಮೂರು ಮದುವೆ ಉಣ್ಣುವವರು. ರುಚಿ ಸ್ವಲ್ಪ ಬೇರೆ ಇರುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. 1941ರಲ್ಲಿ 'ಸಿಟಿಜನ್ ಕೇನ್' ಬಂತು. ಅಮೆರಿಕದ ದೊಡ್ಡ ಪತ್ರಿಕಾ ಮಾಲೀಕ ಹರ್ಸ್ಟ್ ತನ್ನನ್ನೇ ಗುರಿಯಾಗಿಟ್ಟು ಮಾಡಿದ್ದಾರೆ ಅಂತ ಸಿಟ್ಟಾಗಿ, ತನ್ನ ಪತ್ರಿಕೆಗಳಲ್ಲಿ ಅದರ ಜಾಹೀರಾತೂ ಬರದ ಹಾಗೆ ಮಾಡಿದ. ಆ ವರ್ಷದ ಅತ್ಯುತ್ತಮ ಚಿತ್ರದ ಆಸ್ಕರ್ ಬೇರೆ ಸಿನಿಮಾಕ್ಕೆ ಹೋಯಿತು. ನ್ಯೂಯಾರ್ಕಿನ ವಿಮರ್ಶಕರು ಮಾತ್ರ ಕೇನ್‌ಗೇ ಕೊಟ್ಟರು. ಆಸ್ಕರ್ ಗೆದ್ದ ಸಿನಿಮಾದ ಹೆಸರು ನಿಮ್ಮ ಆಫೀಸಿನಲ್ಲಿ ಕೇಳಿ ನೋಡಿ, ಎಷ್ಟು ಜನಕ್ಕೆ ಗೊತ್ತಿರುತ್ತದೆ? ಹಾಗಂತ ಇವರು ಪ್ರತಿ ಸಲ ಸರಿ ಅಂತೇನೂ ಅಲ್ಲ. ತಪ್ಪಿದ ಸಲಗಳು ಯಾರಿಗೂ ನೆನಪಿಲ್ಲ, ಅಷ್ಟೇ.

ಇನ್ನೊಂದು ಮಾತು. ರಾಜಮೌಳಿ ಹುಟ್ಟಿದ್ದು ನಮ್ಮ ರಾಯಚೂರು ಜಿಲ್ಲೆಯಲ್ಲಿ. ಇದನ್ನೂ ಆಫೀಸಿನಲ್ಲಿ ಹೇಳಿ, ಸೇರಿಸಿ ಹೇಳೋಕೆ ಚೆನ್ನಾಗಿರುತ್ತದೆ.

ಪ್ರಶ್ನೆ: ಓಟು ಎಣಿಸೋದ್ರಲ್ಲಿ ಏನಿದೆ ಮಹಾ? ಜಾಸ್ತಿ ಓಟು ಬಿದ್ದವರು ಗೆಲ್ಲುತ್ತಾರೆ. ನೀವು ಸುಮ್ನೆ ದೊಡ್ಡದು ಮಾಡ್ತಿದ್ದೀರಿ.
(ಹಾಸನದ ಓದುಗ)

ಇಲ್ಲ ಸ್ವಾಮಿ, ಎಲ್ಲಾ ಇರುವುದು ಅಲ್ಲೇ. ಒಂದು ಪಂಕ್ತಿಯಲ್ಲಿ ಒಂಬತ್ತು ಜನ ಕೂತಿದ್ದಾರೆ ಅಂದುಕೊಳ್ಳಿ. ಸಿಹಿ ಯಾವುದು ಚೆನ್ನಾಗಿತ್ತು ಅಂತ ಕೇಳುತ್ತೀರಿ. ನಾಲ್ಕು ಜನ ಹೋಳಿಗೆ ಅಂದರು, ಮೂರು ಜನ ಮೈಸೂರು ಪಾಕ್ ಅಂದರು, ಇಬ್ಬರು ಚಿರೋಟಿ ಅಂದರು. ನಿಮ್ಮ ಲೆಕ್ಕದಲ್ಲಿ ಹೋಳಿಗೆ ಗೆದ್ದಿತು, ಅಲ್ವಾ?

ಈಗ ಕೇಳುವ ರೀತಿ ಬದಲಿಸಿ. ಮೂರು ಹೆಸರು ಬರೆಯಿರಿ ಅನ್ನಿ. ಮೊದಲನೆಯದಕ್ಕೆ 3 ಅಂಕ, ಎರಡನೆಯದಕ್ಕೆ 2, ಮೂರನೆಯದಕ್ಕೆ 1. ಹೋಳಿಗೆಯವರು ನಾಲ್ವರೂ ಎರಡನೆಯದಾಗಿ ಚಿರೋಟಿ, ಮೂರನೆಯದಾಗಿ ಮೈಸೂರು ಪಾಕ್ ಬರೆದರು. ಪಾಕ್‌ನವರು ಮೂವರೂ ಎರಡನೆಯದು ಚಿರೋಟಿ, ಮೂರನೆಯದು ಜಿಲೇಬಿ ಬರೆದರು, ಹೋಳಿಗೆ ಅವರಿಗೆ ಆಗಲ್ಲ. ಚಿರೋಟಿಯವರು ಇಬ್ಬರು ಎರಡನೆಯದಾಗಿ ಪಾಕ್, ಆಮೇಲೆ ಜಿಲೇಬಿ ಅಂದರು. ಕೂಡಿ ನೋಡಿ. ಹೋಳಿಗೆಗೆ 12. ಮೈಸೂರು ಪಾಕಿಗೆ 17. ಚಿರೋಟಿಗೆ 20! ಇಬ್ಬರಿಗೆ ಮಾತ್ರ ಮೊದಲ ಆಯ್ಕೆಯಾಗಿದ್ದ ಚಿರೋಟಿ ಗೆದ್ದುಬಿಟ್ಟಿತು, ಯಾಕಂದರೆ ಅದನ್ನು ಬೇಡ ಅಂದವರು ಯಾರೂ ಇಲ್ಲ. ಅದೇ ಒಂಬತ್ತು ಜನ, ಅದೇ ಊಟ, ಎಣಿಸುವ ರೀತಿ ಬೇರೆ.

ಈ 3-2-1 ಲೆಕ್ಕವನ್ನೇ ಅಮೆರಿಕದ ನ್ಯಾಷನಲ್ ಸೊಸೈಟಿ ಆಫ್ ಫಿಲ್ಮ್ ಕ್ರಿಟಿಕ್ಸ್ ಅನ್ನುವ ಇನ್ನೊಂದು ವಿಮರ್ಶಕರ ಸಂಘದವರು ಇಟ್ಟುಕೊಂಡಿದ್ದಾರೆ. ನ್ಯೂಯಾರ್ಕಿನವರು ಶುರುವಿನಲ್ಲಿ ಇನ್ನೂ ಹಟಮಾರಿಗಳು, ಬರೀ ಜಾಸ್ತಿ ಓಟು ಬಿದ್ದರೆ ಸಾಲದು, ದೊಡ್ಡ ಬಹುಮತ ಬರುವವರೆಗೆ ಸುತ್ತಿನ ಮೇಲೆ ಸುತ್ತು ಓಟು ಹಾಕುತ್ತಿದ್ದರು. 1939ರಲ್ಲಿ ಅರ್ಧ ಜನ 'ಗಾನ್ ವಿತ್ ದ ವಿಂಡ್' ಅಂತ, ಇನ್ನರ್ಧ 'ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್' ಅಂತ. ಹದಿಮೂರು ಸುತ್ತು ಆಯಿತು. ಒಬ್ಬರೂ ಜಗ್ಗಲಿಲ್ಲ. ಕೊನೆಗೆ ಎರಡೂ ಬೇಡ ಅಂತ 'ವುದರಿಂಗ್ ಹೈಟ್ಸ್'ಗೆ ಕೊಟ್ಟು ಎದ್ದರು. ಅದು ಆ ವರ್ಷದ ಚಿರೋಟಿ. ಕೆಟ್ಟ ಸಿನಿಮಾ ಅಂತ ನಾನು ಹೇಳುತ್ತಿಲ್ಲ, ಆದರೆ ಆ ಕೋಣೆಯಲ್ಲಿ ಇದ್ದವರಲ್ಲಿ ಎಷ್ಟು ಜನಕ್ಕೆ ಅದು ನಿಜವಾಗಿ ಆ ವರ್ಷದ ಅತ್ಯುತ್ತಮ ಅನ್ನಿಸಿತ್ತೋ ನೀವೇ ಯೋಚಿಸಿ.

ನಮ್ಮಲ್ಲಿ ಯಾವುದಾದರೂ ಪ್ರಶಸ್ತಿ ನೋಡಿ "ಇದಕ್ಕೆ ಹೇಗೆ ಬಂತಪ್ಪಾ" ಅನ್ನಿಸಿದಾಗ ದುಡ್ಡು ಕೊಟ್ಟಿರಬೇಕು ಅಂತ ತಕ್ಷಣ ಅನ್ನಬೇಡಿ. ಬಹಳ ಸಲ ಅದು ಬರೀ ಚಿರೋಟಿ.

ಪ್ರಶ್ನೆ: ವಿಮರ್ಶಕರ ಪ್ರಶಸ್ತಿ ಬಂದರೆ ಆಸ್ಕರ್ ಗ್ಯಾರಂಟಿ ಅಂತಾರಲ್ಲ?
(ತುಮಕೂರು)

ರಾಜಮೌಳಿ ಕತೆಯಲ್ಲೇ ಉತ್ತರ ಇದೆ. ನ್ಯೂಯಾರ್ಕಿನವರು ಪ್ರಶಸ್ತಿ ಕೊಟ್ಟರು, ಲಾಸ್ ಏಂಜಲೀಸ್ ವಿಮರ್ಶಕರು ನಿರ್ದೇಶನದಲ್ಲಿ ಎರಡನೆಯವರು ಅಂದರು, ಸಂಗೀತಕ್ಕೆ ಕೀರವಾಣಿಯವರನ್ನು ಆರಿಸಿದರು. ಆಸ್ಕರ್ ನಿರ್ದೇಶನದ ಪಟ್ಟಿಯಲ್ಲಿ ರಾಜಮೌಳಿ ಹೆಸರೇ ಇರಲಿಲ್ಲ. ಸಿನಿಮಾದ 'ನಾಟು ನಾಟು' ಹಾಡು ಗೆದ್ದಿತು. ಭಾರತದಿಂದ ಆ ವರ್ಷ ಆಸ್ಕರ್‌ಗೆ ಅಧಿಕೃತವಾಗಿ ಕಳಿಸಿದ್ದು ಒಂದು ಗುಜರಾತಿ ಸಿನಿಮಾ. 2024ರಲ್ಲೂ ಹೀಗೇ. ಪಾಯಲ್ ಕಪಾಡಿಯಾ ಅವರ ಸಿನಿಮಾ ಕಾನ್ ಚಿತ್ರೋತ್ಸವದಲ್ಲಿ ಗ್ರ್ಯಾನ್ ಪ್ರಿ ಅನ್ನುವ ದೊಡ್ಡ ಪ್ರಶಸ್ತಿ ಗೆದ್ದಿತ್ತು, ಆಮೇಲೆ ನ್ಯೂಯಾರ್ಕ್, ಲಾಸ್ ಏಂಜಲೀಸ್ ಎರಡೂ ಕಡೆ ವಿದೇಶಿ ಭಾಷೆಯ ಅತ್ಯುತ್ತಮ ಚಿತ್ರ ಅನ್ನಿಸಿಕೊಂಡಿತು. ನಮ್ಮವರು ಕಳಿಸಿದ್ದು ಬೇರೆಯದನ್ನು. ಗ್ಯಾರಂಟಿ ಬೇಕಾದರೆ ಮಿಕ್ಸಿ ತಗೊಳ್ಳಿ.

ಪ್ರಶ್ನೆ: ನಾನು ಸಿನಿಮಾ ಕೋರ್ಸ್ ಓದುತ್ತಿದ್ದೇನೆ. ನಮ್ಮ ಮೇಷ್ಟ್ರು "ವಿಮರ್ಶಕರ ಪ್ರಶಸ್ತಿ ಅಂದರೆ ಒಂದು ಶಾಲು, ಒಂದು ಫಲಕ, ಮರುದಿನ ಪೇಪರಲ್ಲಿ ಒಂದು ಫೋಟೋ" ಅಂತಾರೆ. ಇವುಗಳಿಂದ ಒಂದಾದರೂ ಸಿನಿಮಾಕ್ಕೆ ನಿಜವಾಗಿ ಉಪಕಾರ ಆಗಿದೆಯಾ?
(ಮೈಸೂರು)

ಆಗಿದೆ. ಇದು ನನಗೆ ತುಂಬಾ ಇಷ್ಟದ ಕತೆ, ಸ್ವಲ್ಪ ಉದ್ದ ಹೇಳುತ್ತೇನೆ, ನಿಮ್ಮ ಮೇಷ್ಟ್ರಿಗೂ ಹೇಳಿ.

ಟೆರ್ರಿ ಗಿಲಿಯಂ ಅನ್ನುವ ನಿರ್ದೇಶಕ 'ಬ್ರೆಜಿಲ್' ಅಂತ ಒಂದು ಸಿನಿಮಾ ಮಾಡಿದ. ಸರ್ಕಾರಿ ಕಾಗದ, ಫೈಲು, ಅರ್ಜಿ ನಮೂನೆಗಳ ನಡುವೆ ಮನುಷ್ಯ ಕಳೆದುಹೋಗುವ ಕತೆ. ತಾಲೂಕು ಕಚೇರಿಗೆ ನಾಲ್ಕು ಸಲ ಅಲೆದವರಿಗೆ ಬೇಗ ಅರ್ಥವಾಗುತ್ತದೆ. ಯುರೋಪಿನಲ್ಲಿ 1985ರಲ್ಲಿ ಬಿಡುಗಡೆಯೂ ಆಯಿತು. ಅಮೆರಿಕದಲ್ಲಿ ಅದರ ಹಕ್ಕು ಇದ್ದದ್ದು ಯೂನಿವರ್ಸಲ್ ಸ್ಟುಡಿಯೋ ಹತ್ತಿರ. ಅಲ್ಲಿನ ಮುಖ್ಯಸ್ಥ ಸಿಡ್ ಶೈನ್‌ಬರ್ಗ್‌ಗೆ ಸಿನಿಮಾ ಉದ್ದ ಅನ್ನಿಸಿತು, ಕೊನೆ ತೀರಾ ಕಹಿ ಅನ್ನಿಸಿತು. ಕತ್ತರಿಸಿ, ಪ್ರೀತಿ ಗೆಲ್ಲುವ ಹಾಗೆ ಒಂದು ಸುಖಾಂತ್ಯ ಇಡಿ ಅಂದರು. ಗಿಲಿಯಂ ಒಪ್ಪಲಿಲ್ಲ. ಸ್ಟುಡಿಯೋ ಬಿಡುಗಡೆ ಮಾಡಲಿಲ್ಲ, ತಾನೇ ಒಂದು ಚಿಕ್ಕ ಆವೃತ್ತಿ ತಯಾರು ಮಾಡುತ್ತಾ ಕೂತಿತು. ನಿರ್ದೇಶಕ ಏನು ಮಾಡಬೇಕು? ಗಿಲಿಯಂ ಸಿನಿಮಾ ವ್ಯಾಪಾರದ ಪತ್ರಿಕೆ ವೆರೈಟಿಯಲ್ಲಿ ಇಡೀ ಪುಟದ ಜಾಹೀರಾತು ಕೊಟ್ಟ. ಪುಟ ಪೂರ್ತಿ ಖಾಲಿ, ಮಧ್ಯೆ ಎರಡು ಸಾಲು, ಸಿಡ್ ಶೈನ್‌ಬರ್ಗ್ ಅವರೇ ನನ್ನ ಸಿನಿಮಾ ಯಾವಾಗ ಬಿಡುತ್ತೀರಿ ಅಂತ. ಜೊತೆಗೆ ಕದ್ದುಮುಚ್ಚಿ ವಿಮರ್ಶಕರಿಗೆ ಸಿನಿಮಾ ತೋರಿಸುತ್ತಾ ಹೋದ.

ಲಾಸ್ ಏಂಜಲೀಸ್ ವಿಮರ್ಶಕರ ಸಂಘ 1975ರಲ್ಲಿ ಹುಟ್ಟಿದ್ದು, ಆಗ ಅದಕ್ಕೆ ಹತ್ತೇ ವರ್ಷ. ನೋಡಿದವರಿಗೆ ಸಿನಿಮಾ ಹಿಡಿಸಿಬಿಟ್ಟಿತು. ಸಮಸ್ಯೆ ಏನು ಅಂದರೆ ಬಿಡುಗಡೆಯೇ ಆಗದ ಸಿನಿಮಾಕ್ಕೆ ವರ್ಷದ ಪ್ರಶಸ್ತಿ ಹೇಗೆ ಕೊಡುವುದು? ಅವರು ತಮ್ಮದೇ ನಿಯಮದ ಪುಸ್ತಕ ತೆಗೆದು ನೋಡಿದರು. ಬಿಡುಗಡೆ ಆಗಿರಲೇಬೇಕು ಅಂತ ಅಲ್ಲಿ ಎಲ್ಲೂ ಬರೆದಿರಲಿಲ್ಲ! 1985ರ ಡಿಸೆಂಬರಿನಲ್ಲಿ ಅತ್ಯುತ್ತಮ ಚಿತ್ರ, ಅತ್ಯುತ್ತಮ ನಿರ್ದೇಶನ, ಅತ್ಯುತ್ತಮ ಚಿತ್ರಕತೆ ಮೂರನ್ನೂ ಬ್ರೆಜಿಲ್‌ಗೆ ಕೊಟ್ಟರು. ಜನ ನೋಡಿಯೇ ಇರದ ಸಿನಿಮಾಕ್ಕೆ ಆ ಊರಿನ ಅತ್ಯುತ್ತಮ ಚಿತ್ರದ ಪ್ರಶಸ್ತಿ, ಪೇಪರಿನ ತುಂಬಾ ಅದೇ ಸುದ್ದಿ. ಸ್ಟುಡಿಯೋ ಆ ತಿಂಗಳೇ ಸಿನಿಮಾ ಬಿಡುಗಡೆ ಮಾಡಿತು. ಸುಖಾಂತ್ಯ ಇಲ್ಲದೆ.

ಇದರಲ್ಲಿ ದುಡ್ಡಿಲ್ಲ, ವೇದಿಕೆ ಇಲ್ಲ, ಹೆಲಿಕಾಪ್ಟರಿನಿಂದ ಇಳಿಯುವ ನಾಯಕ ಇಲ್ಲ. ಒಂದು ಕೋಣೆಯಲ್ಲಿ ಕೂತು ಕೈ ಎತ್ತಿದ ಒಂದಷ್ಟು ಜನ. ಅದೇ ಸಂಘ 2003ರಲ್ಲಿ ಇನ್ನೊಂದು ಹಟ ಮಾಡಿತು. ದೊಡ್ಡ ಸ್ಟುಡಿಯೋಗಳೆಲ್ಲ ಸೇರಿ, ಕಳ್ಳ ಕಾಪಿ ಆಗುತ್ತದೆ ಅಂತ, ಪ್ರಶಸ್ತಿ ಸಮಯದಲ್ಲಿ ಓಟು ಹಾಕುವವರಿಗೆ ಸಿನಿಮಾದ ಡಿವಿಡಿ ಕಳಿಸುವುದನ್ನು ನಿಲ್ಲಿಸಿದವು. ಆಮೇಲೆ ಆಸ್ಕರ್ ಸದಸ್ಯರಿಗೆ ಮಾತ್ರ ಕಳಿಸುತ್ತೇವೆ ಅಂದವು. ಹೀಗಾದರೆ ಚಿಕ್ಕ ಸಿನಿಮಾ ಯಾರೂ ನೋಡಲ್ಲ, ನಾವು ಈ ವರ್ಷ ಪ್ರಶಸ್ತಿಯನ್ನೇ ಕೊಡಲ್ಲ ಅಂತ ವಿಮರ್ಶಕರು ಹೇಳಿದರು. ಕೋರ್ಟು ಆ ನಿಷೇಧ ತಡೆದ ಮೇಲೆ ಕೊಟ್ಟರು.

ಪ್ರಶ್ನೆ: ನಮ್ಮ ದೇಶದಲ್ಲಿ ಇಂಥ ಸಂಘ ಮೊದಲು ಎಲ್ಲಿ ಆಯಿತು? ಕರ್ನಾಟಕದಲ್ಲಿ ಇದೆಯಾ? ಇಲ್ಲಿ ಬಂಗಾಳಿಗಳು ಎಲ್ಲದರಲ್ಲೂ ತಾವೇ ಮೊದಲು ಅಂತಾರೆ.
(ಕೋಲ್ಕತ್ತಾದಲ್ಲಿ ಬ್ಯಾಂಕ್ ಕೆಲಸದಲ್ಲಿರುವ ಕನ್ನಡಿಗ)

ಇದರಲ್ಲಿ ಅವರು ಹೇಳೋದು ಸರಿ, ಒಪ್ಪಿಕೊಂಡುಬಿಡಿ. ಬೆಂಗಾಲ್ ಫಿಲ್ಮ್ ಜರ್ನಲಿಸ್ಟ್ಸ್ ಅಸೋಸಿಯೇಷನ್ ಶುರುವಾಗಿದ್ದು 1937ರಲ್ಲಿ. ಕನ್ನಡದ ಮೊದಲ ಮಾತಿನ ಸಿನಿಮಾ 'ಸತಿ ಸುಲೋಚನ' ತೆರೆಗೆ ಬಂದಿದ್ದು 1934ರಲ್ಲಿ. ಅಂದರೆ ನಾವು ಇನ್ನೂ ಬೆಳ್ಳಿತೆರೆಯ ಮೇಲೆ ಮಾತು ಕಲಿಯುತ್ತಿದ್ದಾಗ ಅವರು ಬರೆಯುವವರ ಸಂಘ ಕಟ್ಟಿದ್ದರು. ರಾಷ್ಟ್ರಪ್ರಶಸ್ತಿ, ಫಿಲ್ಮ್‌ಫೇರ್ ಎರಡೂ ಬಂದದ್ದು 1954ರಲ್ಲಿ, ಹದಿನೇಳು ವರ್ಷ ಆದ ಮೇಲೆ. ಬಂಗಾಳದ ಸಂಘ ಬರೀ ಬಂಗಾಳಿ ಸಿನಿಮಾಕ್ಕಲ್ಲ, ಹಿಂದಿ ಸಿನಿಮಾಗಳಿಗೂ ಬೇರೆ ವಿಭಾಗ ಮಾಡಿ ಕೊಡುತ್ತಿತ್ತು. ಈಗ ಅಲ್ಲಿ ವೆಸ್ಟ್ ಬೆಂಗಾಲ್ ಫಿಲ್ಮ್ ಜರ್ನಲಿಸ್ಟ್ಸ್ ಅಸೋಸಿಯೇಷನ್ ಅಂತ ಇನ್ನೊಂದು ಸಂಘದ ಪ್ರಶಸ್ತಿಯೂ ಇದೆ.

ಕೇರಳದ ವಿಮರ್ಶಕರ ಸಂಘದ ಪ್ರಶಸ್ತಿ 1977ರಿಂದ ಇದೆ. ನಮ್ಮಲ್ಲಿ ರಾಜ್ಯ ಸರ್ಕಾರದ ಪ್ರಶಸ್ತಿ 1966-67ನೇ ಸಾಲಿನಿಂದಲೇ ಇದ್ದರೂ, ಬರೆಯುವವರು ತಾವೇ ಸೇರಿ ಕೊಡುವ ಪ್ರಶಸ್ತಿಗೆ ಬಹಳ ಕಾಲ ಕಾಯಬೇಕಾಯಿತು. ಕನ್ನಡ ಸಿನಿಮಾ ಪತ್ರಕರ್ತರು ಸೇರಿ ಮಾಡಿಕೊಂಡ ಚಂದನವನ ಫಿಲ್ಮ್ ಕ್ರಿಟಿಕ್ಸ್ ಅಕಾಡೆಮಿ ಮೊದಲ ಸಲ ಪ್ರಶಸ್ತಿ ಕೊಟ್ಟಿದ್ದು 2020ರಲ್ಲಿ, ಹಿಂದಿನ ವರ್ಷದ ಸಿನಿಮಾಗಳಿಗೆ. ತಡ ಯಾಕೆ ಆಯಿತು? ನನ್ನ ಅನಿಸಿಕೆ ಹೇಳಲಾ? ನಮ್ಮಲ್ಲಿ ಸಿನಿಮಾ ವರದಿ ಮಾಡುವವರು, ವಿಮರ್ಶೆ ಬರೆಯುವವರು ಬೇರೆ ಬೇರೆ ಆಗಲೇ ಇಲ್ಲ. ಬೆಳಿಗ್ಗೆ ಮುಹೂರ್ತಕ್ಕೆ ಹೋಗಿ ಉಪ್ಪಿಟ್ಟು ತಿಂದವನೇ, ಆರು ತಿಂಗಳಾದ ಮೇಲೆ ಅದೇ ಸಿನಿಮಾಕ್ಕೆ ಸ್ಟಾರ್ ಕೊಡಬೇಕು. ಗಾಂಧಿನಗರ ಚಿಕ್ಕ ಊರು, ಮರುದಿನ ಅದೇ ನಿರ್ಮಾಪಕ ಎದುರು ಸಿಗುತ್ತಾನೆ. ಅಂಥ ಜಾಗದಲ್ಲಿ ಗುಟ್ಟಿನ ಓಟು ಹಾಕುವ ಪದ್ಧತಿ ಬಂದದ್ದೇ ದೊಡ್ಡ ವಿಷಯ.

ಇನ್ನೊಂದು ಕಷ್ಟ ಸಂಖ್ಯೆಯದು. ಕನ್ನಡದಲ್ಲಿ ಈಗ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಸಿನಿಮಾ ಬರುತ್ತವೆ. ಒಂದು ಶುಕ್ರವಾರ ಏಳೆಂಟು. ಸೋಮವಾರಕ್ಕೆ ಅರ್ಧ ಎತ್ತಂಗಡಿ. ಯಾವ ವಿಮರ್ಶಕನೂ ಎಲ್ಲಾ ನೋಡಿರಲ್ಲ, ನೋಡಿದ್ದೇನೆ ಅಂದವರ ಮನೆಯವರನ್ನು ವಿಚಾರಿಸಿ. ಹಾಗಾಗಿ ಓಟು ಬೀಳುವುದು ನೋಡಿದ ಮೂವತ್ತು-ನಲವತ್ತರಲ್ಲಿ. ನೋಡದೆ ಉಳಿದದ್ದರಲ್ಲಿ ಒಂದು ಒಳ್ಳೆಯ ಸಿನಿಮಾ ಇದ್ದರೆ ಅದರ ಗತಿ ಅಷ್ಟೇ. ಓಟಿಗೆ ಮೊದಲು, ಯಾರೂ ನೋಡದ ಹತ್ತು ಸಿನಿಮಾ ಆರಿಸಿ ಸದಸ್ಯರನ್ನೆಲ್ಲ ಒಂದು ವಾರ ಕೂಡಿಸಿ ತೋರಿಸುವ ಏರ್ಪಾಡು ಯಾವ ಸಂಘ ಮಾಡುತ್ತದೋ ಅದರ ಫಲಕಕ್ಕೆ ನಾನು ಕೈ ಮುಗಿಯುತ್ತೇನೆ.

ಪ್ರಶ್ನೆ: ದುಡ್ಡಿನ ಕವರ್ ತಗೊಂಡು ಸ್ಟಾರ್ ಕೊಡುವವರು ಪ್ರಶಸ್ತಿ ಕೊಟ್ಟರೆ ನಂಬೋದು ಹೇಗೆ? ನೇರವಾಗಿ ಉತ್ತರ ಕೊಡಿ, ನುಣುಚಿಕೊಳ್ಳಬೇಡಿ.
(ಹೆಸರು ಬೇಡ ಅಂದವರು, ದಾವಣಗೆರೆ)

ನುಣುಚಿಕೊಳ್ಳಲ್ಲ. ತುಂಬಾ ವರ್ಷದ ಹಿಂದೆ ನಾನು ಒಂದು ವಾರಪತ್ರಿಕೆಗೆ ವಿಮರ್ಶೆ ಬರೆಯುತ್ತಿದ್ದಾಗ ಒಂದು ಪ್ರಶಸ್ತಿಗೆ ಓಟು ಹಾಕಲು ಕರೆದರು. ಯಾವ ಪ್ರಶಸ್ತಿ ಅಂತ ಕೇಳಬೇಡಿ, ಅದು ಈಗ ಇಲ್ಲ. ಒಂದು ಹಾಳೆ ಕೊಟ್ಟರು, ಅದರಲ್ಲಿ ಪ್ರತಿ ವಿಭಾಗಕ್ಕೆ ಐದು ಹೆಸರು ಮೊದಲೇ ಅಚ್ಚಾಗಿತ್ತು. ಈ ಐದನ್ನು ಆರಿಸಿದವರು ಯಾರು ಅಂದೆ. "ಕಮಿಟಿ" ಅಂದರು. ಕಮಿಟಿಯಲ್ಲಿ ಯಾರು ಅಂದೆ. ಕಾಫಿ ತರಿಸಿದರು. ಐದರಲ್ಲಿ ಮೂರು ಸಿನಿಮಾ ನಾನು ನೋಡಿರಲಿಲ್ಲ, ಆದರೂ ಟಿಕ್ ಹಾಕಿ ಬಂದೆ. ನನಗೆ ಯಾರೂ ಕವರ್ ಕೊಡಲಿಲ್ಲ, ಬೆದರಿಸಲೂ ಇಲ್ಲ. ಬೇಗ ಮುಗಿಸಿ ಮನೆಗೆ ಹೋಗುವ ಆತುರ, ಅಷ್ಟೇ. ಪ್ರಶಸ್ತಿ ಕೆಡುವುದು ಹೆಚ್ಚಾಗಿ ಹೀಗೇ, ದುಡ್ಡಿನಿಂದ ಅಲ್ಲ, ಸೋಮಾರಿತನದಿಂದ. ಈಗಲೂ ಆ ಟಿಕ್ ನೆನೆಸಿಕೊಂಡರೆ ನಾಚಿಕೆ ಆಗುತ್ತದೆ.

ಕವರ್ ಇಲ್ಲವೇ ಇಲ್ಲ ಅಂತ ನಾನು ಹೇಳಿದರೆ ನೀವು ನಗುತ್ತೀರಿ. ಅದಕ್ಕೇ ಸಂಘದವರು ಮೂರು ವಿಷಯ ಬಹಿರಂಗ ಮಾಡಬೇಕು ಅನ್ನುತ್ತೇನೆ: ಸದಸ್ಯರು ಯಾರು, ಎಣಿಸುವ ರೀತಿ ಏನು, ಸಮಾರಂಭದ ಖರ್ಚು ಯಾರದು. ಮೂರನೆಯದನ್ನು ಕೇಳಿದಾಗ ಬರುವ ಮೌನ ಒಂದು ಕಲೆ.

ದೊಡ್ಡ ದೇಶದ ದೊಡ್ಡ ಪ್ರಶಸ್ತಿಯೂ ಇದರಲ್ಲೇ ಎಡವಿದೆ. ಗೋಲ್ಡನ್ ಗ್ಲೋಬ್ಸ್ ಕೊಡುತ್ತಿದ್ದದ್ದು ಹಾಲಿವುಡ್ ಫಾರಿನ್ ಪ್ರೆಸ್ ಅಸೋಸಿಯೇಷನ್, 1943ರಲ್ಲಿ ಶುರುವಾದ ವಿದೇಶಿ ಪತ್ರಕರ್ತರ ಕೂಟ. 2021ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಅವರ ಒಳಗನ್ನು ತೆರೆದಿಟ್ಟಿತು. 87 ಸದಸ್ಯರು, ಅದರಲ್ಲಿ ಒಬ್ಬ ಕಪ್ಪು ವರ್ಣೀಯರೂ ಇಲ್ಲ. ಮರುವರ್ಷ ಟಿವಿಯವರು ಪ್ರಸಾರವನ್ನೇ ಮಾಡಲಿಲ್ಲ. 2023ರಲ್ಲಿ ಸಂಘವೇ ಮುಚ್ಚಿತು, ಪ್ರಶಸ್ತಿಯನ್ನು ಖಾಸಗಿಯವರು ಕೊಂಡುಕೊಂಡರು. ಎಂಬತ್ತು ವರ್ಷ ಕೆಂಪು ಹಾಸು ಹಾಸಿದವರು! ಅವರ ಸದಸ್ಯರ ಪಟ್ಟಿ ಕೇಳುವ ಧೈರ್ಯ ಇಪ್ಪತ್ತು ವರ್ಷ ಮೊದಲೇ ಯಾರಾದರೂ ಮಾಡಿದ್ದರೆ ಸಂಘ ಉಳಿಯುತ್ತಿತ್ತೇನೋ.

ಪ್ರಶ್ನೆ: ಅಣ್ಣಾ, ನಾನು ಯೂಟ್ಯೂಬಲ್ಲಿ ಮೂರು ವರ್ಷದಿಂದ ಕನ್ನಡ ಸಿನಿಮಾ ರಿವ್ಯೂ ಮಾಡ್ತಿದ್ದೇನೆ. ಪ್ರೆಸ್ ಶೋಗೂ ಕರೆಯಲ್ಲ, ಸಂಘಕ್ಕೂ ಸೇರಿಸಲ್ಲ. ಪೇಪರ್‌ನವರು ಮಾತ್ರ ವಿಮರ್ಶಕರಾ?
(ಕುಂದಾಪುರ)

ತಮ್ಮಾ, ನಿನ್ನ ಸಂಕಟ ಹೊಸದಲ್ಲ. ನ್ಯೂಯಾರ್ಕ್ ಸಂಘದವರು ಒಂದು ಕಾಲದಲ್ಲಿ ದಿನಪತ್ರಿಕೆಯವರಿಗೆ ಮಣೆ ಹಾಕುತ್ತಿದ್ದರು, ವಾರಪತ್ರಿಕೆ, ಮಾಸಪತ್ರಿಕೆಯವರು ಅಂದರೆ ಆಗುತ್ತಿರಲಿಲ್ಲ. ಹೊರಗೆ ಉಳಿದವರಲ್ಲಿ ಪಾಲಿನ್ ಕೇಲ್ ಕೂಡ ಇದ್ದರು, ಮುಂದೆ ಅಮೆರಿಕದಲ್ಲಿ ಅತಿ ಹೆಚ್ಚು ಹೆಸರು ಮಾಡಿದ ವಿಮರ್ಶಕಿ. ಅವರೆಲ್ಲ 1966ರಲ್ಲಿ ಒಬ್ಬರ ಮನೆಯಲ್ಲಿ ಸೇರಿ ನ್ಯಾಷನಲ್ ಸೊಸೈಟಿ ಕಟ್ಟಿಕೊಂಡರು, ಮೇಲೆ 3-2-1 ಅಂದೆನಲ್ಲ, ಅದೇ. ಆಮೇಲೆ ಇಂಟರ್‌ನೆಟ್ಟಿನಲ್ಲಿ ಬರೆಯುವವರನ್ನು ಇವರೆಲ್ಲ ಮೂಗು ಮುರಿದು ನೋಡಿದರು. 2000ದಲ್ಲಿ ಅವರದ್ದೇ ಒಂದು ಸಂಘ ಅದೇ ನ್ಯೂಯಾರ್ಕಿನಲ್ಲಿ ಹುಟ್ಟಿತು. ಈಗ ಹಳೆಯ ಸಂಘದಲ್ಲೂ ಜಾಲತಾಣದವರು ಇದ್ದಾರೆ. ಬಾಗಿಲು ಹಾಕಿದಾಗಲೆಲ್ಲ ಪಕ್ಕದಲ್ಲಿ ಇನ್ನೊಂದು ಮನೆ ಎದ್ದಿದೆ.

ಆದರೆ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಚಾನೆಲ್ಲಿನಲ್ಲಿ ಸಿನಿಮಾದವರ ಪ್ರಚಾರದ ವಿಡಿಯೋ ದುಡ್ಡಿಗೆ ಹಾಕುತ್ತೀಯಾ? ಹಾಕಿದರೆ ಅದೇ ವಾರ ಅದೇ ಸಿನಿಮಾಕ್ಕೆ ರಿವ್ಯೂ ಮಾಡುತ್ತೀಯಾ? ಎರಡಕ್ಕೂ ಹೌದು ಅಂತಾದರೆ ಸಂಘದವರು ಸೇರಿಸದೆ ಇರುವುದು ಸರಿ. ಇಲ್ಲ ಅಂತಾದರೆ ಅವರದ್ದು ತಪ್ಪು. ಸೇರಿದ ಮೇಲೂ ಬಾಯಿ ಹಿಡಿತದಲ್ಲಿರಲಿ. ನ್ಯೂಯಾರ್ಕ್ ಸಂಘ 2014ರಲ್ಲಿ ತನ್ನದೇ ಸದಸ್ಯರೊಬ್ಬರನ್ನು ಹೊರಹಾಕಿತು. ಪ್ರಶಸ್ತಿ ತಗೊಳ್ಳಲು ವೇದಿಕೆಗೆ ಬಂದ ನಿರ್ದೇಶಕನ ಮೇಲೆ ಊಟದ ಮೇಜಿನಿಂದಲೇ ಕೂಗಾಡಿದರು ಅಂತ ಆರೋಪ. ಅವರು ಅಲ್ಲಗಳೆದರು. ಆದರೂ ಹೋಗಬೇಕಾಯಿತು.

ಪ್ರಶ್ನೆ: ಇಷ್ಟೆಲ್ಲ ಹೀರೋ, ಹೀರೋಯಿನ್, ನಿರ್ದೇಶಕರಿಗೇ. ಸಿನಿಮಾ ತೋರಿಸುವವರಿಗೆ ಯಾರಾದರೂ ಪ್ರಶಸ್ತಿ ಕೊಟ್ಟಿದ್ದಾರಾ? ನಮ್ಮಪ್ಪ ಮೂವತ್ತು ವರ್ಷ ಥಿಯೇಟರಿನಲ್ಲಿ ಪ್ರೊಜೆಕ್ಟರ್ ಓಡಿಸಿದವರು.
(ಸಾಗರ)

ನಿಮ್ಮ ಪತ್ರ ಓದಿ ಸುಮ್ಮನೆ ಸ್ವಲ್ಪ ಹೊತ್ತು ಕೂತೆ. ಕೊಟ್ಟಿದ್ದಾರೆ. ಬಾಸ್ಟನ್ ನಗರದ ವಿಮರ್ಶಕರ ಸಂಘ 1981ರಲ್ಲಿ ಶುರುವಾಯಿತು. ಅವರು ಸಿನಿಮಾಗಳ ಜೊತೆಗೆ ಆ ಊರಿನಲ್ಲಿ ಒಳ್ಳೆಯ ಸಿನಿಮಾ ತರಿಸಿ ತೋರಿಸುವ ಥಿಯೇಟರುಗಳನ್ನು, ಫಿಲ್ಮ್ ಸೊಸೈಟಿಗಳನ್ನೂ ಗುರುತಿಸುತ್ತಾರೆ. ಊರಿನ ಸಂಘ ಅಂದ ಮೇಲೆ ಊರಿಗೆ ಏನಾದರೂ ಮಾಡಬೇಕಲ್ಲ. ಹಾಲಿವುಡ್ಡಿನ ನಟನಿಗೆ ಇಪ್ಪತ್ತನೆಯ ಫಲಕ ಕೊಟ್ಟರೆ ಅವನ ಮನೆಯ ಗೂಡಿನಲ್ಲಿ ಜಾಗ ಇರಲ್ಲ. ಊರಿನ ಚಿಕ್ಕ ಥಿಯೇಟರಿಗೆ ಕೊಟ್ಟರೆ ಅದು ಟಿಕೆಟ್ ಕೌಂಟರಿನ ಮೇಲೆ ನೇತಾಡುತ್ತದೆ, ದಿನಾ ನೂರು ಜನ ನೋಡುತ್ತಾರೆ.

ಇದನ್ನು ನಮ್ಮವರು ಯಾಕೆ ಮಾಡಬಾರದು ಅಂತ ನನಗೆ ಯಾವಾಗಲೂ ಅನ್ನಿಸಿದೆ. ನಿಮ್ಮ ಸಾಗರದ ಪಕ್ಕದಲ್ಲೇ ಹೆಗ್ಗೋಡು. ನೀನಾಸಮ್ ಚಿತ್ರಸಮಾಜ 1973ರಿಂದ ಹಳ್ಳಿಯಲ್ಲಿ ಜಗತ್ತಿನ ಸಿನಿಮಾ ತೋರಿಸಿದೆ. ಬೆಂಗಳೂರಿನಲ್ಲಿ ಸುಚಿತ್ರ ಫಿಲ್ಮ್ ಸೊಸೈಟಿ 1971ರಿಂದ ಇದೆ. ಕನ್ನಡದಲ್ಲಿ ಸಿನಿಮಾದ ಬಗ್ಗೆ ಗಂಭೀರವಾಗಿ ಬರೆದ ಎಷ್ಟೋ ಜನ ಸಿನಿಮಾ ನೋಡುವುದನ್ನು ಕಲಿತದ್ದು ಇಂಥ ಜಾಗಗಳ ಮಡಚುವ ಕುರ್ಚಿಗಳಲ್ಲಿ ಕೂತು. ತಾಲೂಕು ಕೇಂದ್ರಗಳಲ್ಲಿ ಒಂಟಿ ತೆರೆಯ ಥಿಯೇಟರುಗಳು ಒಂದೊಂದಾಗಿ ಕಲ್ಯಾಣ ಮಂಟಪ ಆಗುತ್ತಿವೆ. ಹಟ ಹಿಡಿದು ಇನ್ನೂ ಕನ್ನಡ ಸಿನಿಮಾ ಹಾಕುತ್ತಿರುವ ಒಬ್ಬ ಮಾಲೀಕನಿಗೆ, ರೀಲು ತುಂಡಾದಾಗ ಕತ್ತಲಲ್ಲಿ ಅಂಟಿಸಿ ಜನರ ಶಿಳ್ಳೆ, ಬೈಗುಳ ಎರಡನ್ನೂ ತಿಂದ ಒಬ್ಬ ಆಪರೇಟರಿಗೆ, ವರ್ಷಕ್ಕೆ ಒಂದು ಪ್ರಶಸ್ತಿ. ಖರ್ಚು ಎಷ್ಟು ಮಹಾ? ತಂದೆಯವರಿಗೆ ನನ್ನ ನಮಸ್ಕಾರ ಹೇಳಿ.

ಪ್ರಶ್ನೆ: ವಿಮರ್ಶಕರ ಪಟ್ಟಿಯಲ್ಲಿ ಕನ್ನಡ ಸಿನಿಮಾಗೆ ಜಾಗ ಸಿಗುತ್ತಾ?
(ಕಲಬುರಗಿ)

ಸಿಕ್ಕಿದೆ. ವಿಮರ್ಶಕರ ಅಂತರರಾಷ್ಟ್ರೀಯ ಒಕ್ಕೂಟ ಫಿಪ್ರೆಸ್ಕಿಯ ಭಾರತದ ಘಟಕ 2022ರಲ್ಲಿ ಸದಸ್ಯರ ಗುಟ್ಟಿನ ಓಟಿನಿಂದ ದೇಶದ ಹತ್ತು ಅತ್ಯುತ್ತಮ ಸಿನಿಮಾ ಆರಿಸಿತು. ಮೊದಲನೆಯದು 'ಪಥೇರ್ ಪಾಂಚಾಲಿ'. ಐದನೆಯದು ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ'. 1977ರ ಸಿನಿಮಾ, ಆಗಲೇ ರಾಷ್ಟ್ರಪ್ರಶಸ್ತಿ ಸ್ವರ್ಣಕಮಲ ಗೆದ್ದಿತ್ತು. 'ಶೋಲೆ' ಆ ಪಟ್ಟಿಯಲ್ಲಿ ಹತ್ತನೆಯದು, ಇದನ್ನು ಹೇಳುವಾಗ ನನಗೆ ಒಂಚೂರು ಸಂತೋಷ ಆಗುತ್ತದೆ, ಮುಚ್ಚಿಡಲ್ಲ. ಅಂದ ಹಾಗೆ ಬರೆಯುವವರಿಗೂ ರಾಷ್ಟ್ರಪ್ರಶಸ್ತಿ ಇದೆ. 2010ನೇ ಸಾಲಿನ ಅತ್ಯುತ್ತಮ ವಿಮರ್ಶಕ ಪ್ರಶಸ್ತಿ ಹಂಚಿಕೊಂಡವರಲ್ಲಿ ನಮ್ಮ ಎನ್. ಮನು ಚಕ್ರವರ್ತಿ ಒಬ್ಬರು.

ಪ್ರಶ್ನೆ: ನಟ, ನಟಿ ಅಂತ ಬೇರೆ ಬೇರೆ ಪ್ರಶಸ್ತಿ ಯಾಕೆ? ನಿರ್ದೇಶಕ, ನಿರ್ದೇಶಕಿ ಅಂತ ಇಲ್ವಲ್ಲ?
(ಧಾರವಾಡ, ಹೈಸ್ಕೂಲ್ ಹುಡುಗಿ)

ಜಾಣೆ. ಲಾಸ್ ಏಂಜಲೀಸ್‌ನವರು 2022ರಿಂದ ಆ ಗೋಡೆ ತೆಗೆದರು. ಮುಖ್ಯ ಪಾತ್ರದ ನಟನೆಗೆ ಇಬ್ಬರನ್ನು, ಪೋಷಕ ಪಾತ್ರಕ್ಕೆ ಇಬ್ಬರನ್ನು ಆರಿಸುತ್ತಾರೆ, ಗಂಡೋ ಹೆಣ್ಣೋ ಕೇಳಲ್ಲ. ಮೊದಲ ವರ್ಷ ಎರಡರಲ್ಲೂ ಒಬ್ಬ ಹೆಂಗಸು, ಒಬ್ಬ ಗಂಡಸು ಗೆದ್ದರು. ನಮ್ಮಲ್ಲಿ ಹೀಗೆ ಮಾಡಿದರೆ ಹೆಣ್ಣುಮಕ್ಕಳಿಗೆ ಸಿಗುವ ಒಂದು ಫಲಕವೂ ಹೀರೋಗಳ ಪಾಲಾಗುತ್ತದೆ ಅನ್ನುವ ಭಯ ನನಗಿದೆ. ಮೊದಲು ಅವರಿಗೆ ನಟಿಸಲು ಪಾತ್ರ ಬರೆಯಲಿ.

ಪ್ರಶ್ನೆ: ಪ್ರಶಸ್ತಿ ನಿಂತುಹೋದರೆ ಯಾರಿಗಾದರೂ ಗೊತ್ತಾಗುತ್ತದಾ?
(ಮಂಡ್ಯ)

1962ರಲ್ಲಿ ನ್ಯೂಯಾರ್ಕಿನಲ್ಲಿ ನಿಂತಿತ್ತು. ಪತ್ರಿಕೆಗಳ ನೌಕರರು ಮುಷ್ಕರ ಹೂಡಿದ್ದರು, 114 ದಿನ ಪೇಪರೇ ಇಲ್ಲ. ವಿಮರ್ಶೆ ಅಚ್ಚಾಗಲ್ಲ ಅಂದ ಮೇಲೆ ಪ್ರಶಸ್ತಿ ಎಂಥದ್ದು ಅಂತ ಆ ವರ್ಷ ಕೈಬಿಟ್ಟರು. ಸಿನಿಮಾಗಳು ಮಾತ್ರ ಬಂದವು, ಹೋದವು.

ಪ್ರಶ್ನೆ: ಎಲ್ಲರ ಪ್ರಶಸ್ತಿ ಬಗ್ಗೆ ಬರೀತೀರಿ. ನಿಮಗೆ ಯಾವುದಾದರೂ ಬಂದಿದೆಯಾ?
(ಚಿಕ್ಕಮಗಳೂರು)

ಏಳನೇ ಕ್ಲಾಸಿನಲ್ಲಿ ಚರ್ಚಾಸ್ಪರ್ಧೆಗೆ ಎರಡನೇ ಬಹುಮಾನ, ಒಂದು ಸ್ಟೀಲ್ ಲೋಟ. ತೀರ್ಪುಗಾರರು ಮೂವರು, ಅದರಲ್ಲಿ ಒಬ್ಬರು ಮೊದಲ ಬಹುಮಾನ ಬಂದವನ ಸೋದರಮಾವ. ಲೋಟ ಇನ್ನೂ ಇದೆ, ಈ ಅಂಕಣ ಬರೆಯುವಾಗ ಕಾಫಿ ಕುಡಿದದ್ದು ಅದರಲ್ಲೇ.